ದಖನಿ ಉಣ್ಣೆಯಿಂದ ಕಂಬಳಿ ನೇಯುವ ಬಗೆ

ಬಯಲುಸೀಮೆಯ ಕುರಿಗಾಹಿಗೆ ಕಂಬಳಿಯೇ ಹಾಸಿಗೆ, ಅದೇ ಹೊದಿಕೆ, ಮಳೆ ಬಂದರೆ ಅದೇ ಕೊಪ್ಪೆ. ಚಳ್ಳಕೆರೆ ಸುತ್ತಿನ ಕುರುಬರು ಇದನ್ನು ದಖನಿ ತಳಿಯ ಕುರಿಯ ಒರಟು ಕರಿ ಉಣ್ಣೆಯಿಂದ ನೇಯುತ್ತ ಬಂದಿದ್ದಾರೆ. ಮದುವೆಯಲ್ಲಿ ಉಣ್ಣೆಯ ಕಂಕಣವನ್ನೇ ಕಟ್ಟುವ ಪಂಗಡವೂ ಅವರಲ್ಲಿದೆ.

ಮೊದಲು ಕುರಿಯ ಮೈ ತೊಳೆದು, ಪೂರ್ತಿ ಒಣಗಿದ ಮೇಲೆ ಉಣ್ಣೆ ಕತ್ತರಿಸಬೇಕು. ಒಂದು ಕುರಿಯಿಂದ ಒಂದು ಸಲಕ್ಕೆ ಕೆಲವು ನೂರು ಗ್ರಾಂ ಮಾತ್ರ ಸಿಗುವುದರಿಂದ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಬೇಕು. ಮುಳ್ಳು, ಕಸ ಆರಿಸಿ, ಬಿಲ್ಲಿನ ಹುರಿಯಿಂದ ಮಿಡಿದು ಎಳೆಗಳು ಬಿಡಿಬಿಡಿಯಾಗುವವರೆಗೆ ಹಿಂಜಿ, ಹಂಜಿ (ನೂಲಲು ಸುತ್ತಿದ ಉಣ್ಣೆಯ ಸುರುಳಿ) ಮಾಡಿಕೊಳ್ಳಬೇಕು.

ನೂಲುವ ಹಂತದಲ್ಲಿ ಅವಸರ ಸಲ್ಲದು. ಎಡಗೈಯ ಬೆರಳುಗಳ ನಡುವೆ ಹಂಜಿಯನ್ನು ಸಡಿಲವಾಗಿ ಹಿಡಿದು, ಬಲಗೈಯಿಂದ ರಾಟೆ ತಿರುಗಿಸುತ್ತ ಹಿಂದಕ್ಕೆ ಎಳೆದಂತೆ ನೂಲು ಉದ್ದವಾಗುತ್ತದೆ. ಎಳೆ ದಪ್ಪವಾದ ಕಡೆ ಬೆರಳು ಕೂಡಲೇ ಅರಿಯುತ್ತದೆ, ಅಲ್ಲೇ ತುಸು ಬಿಟ್ಟು ಸರಿಪಡಿಸಬೇಕು. ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ) ನೂಲಿಗೆ ಹುರಿ, ಅಂದರೆ ತಿರುಚು, ಬಿಗಿಯಾಗಿರಲಿ, ಹೊಕ್ಕಿನದಕ್ಕೆ (ಅಡ್ಡಲಾಗಿ ಹಾಯುವ ನೂಲಿಗೆ) ಸ್ವಲ್ಪ ಸಡಿಲ ಸಾಕು. ನೂಲನ್ನು ಗೇಣುದ್ದ ಹಿಡಿದು ಎರಡು ಮಡಿಕೆ ಮಾಡಿ ಬಿಟ್ಟಾಗ ಅದು ತಾನೇ ಹೆಣೆದುಕೊಂಡರೆ ಹುರಿ ಚೆನ್ನಾಗಿ ಬಿದ್ದಿದೆ ಎಂದರ್ಥ.

ಕಂಬಳಿಯ ಆಯುಸ್ಸು ನಿಂತಿರುವುದು ಗಂಜಿಯ ಮೇಲೆ ಎಂಬುದು ನನ್ನ ನಂಬಿಕೆ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಗಂಟಿಲ್ಲದಂತೆ ಕುದಿಸಬೇಕು. ಬಯಲಿನಲ್ಲಿ ಹಾಸನ್ನು ಬಿಗಿಯಾಗಿ ಎಳೆದು ಕಟ್ಟಿ, ಈ ಗಂಜಿಯನ್ನು ಕುಂಚದಿಂದ ಒಂದೇ ದಿಕ್ಕಿಗೆ ಸವರಿದಾಗ ಹೊರಚಾಚಿದ ರೋಮವೆಲ್ಲ ಮಲಗಿ ನೂಲು ತಂತಿಯಂತೆ ನಿಲ್ಲುತ್ತದೆ. ಇದು ಬಿಸಿಲಿನಲ್ಲಿ ಪೂರ್ತಿ ಒಣಗದಿದ್ದರೆ ನೇಯುವಾಗ ಎಳೆಗಳು ಒಂದಕ್ಕೊಂದು ಅಂಟಿ ತುಂಡಾಗುತ್ತವೆ.

ಗುಂಡಿಮಗ್ಗದಲ್ಲಿ ನೇಕಾರ ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿನ ತುಳಿಮಣೆ ತುಳಿದು ಹಾಸನ್ನು ತೆರೆದು, ಹೊಕ್ಕಿನ ನೂಲು ಸುತ್ತಿದ ಲಾಳಿಯನ್ನು ದಾಟಿಸಿ, ಹೊಕ್ಕನ್ನು ಬಲವಾಗಿ ಬಡಿಯುತ್ತಾನೆ. ತುದಿಯ ಎಳೆಗಳನ್ನು ಗಂಟು ಹಾಕಿದರೆ ನೇಯ್ಗೆ ಬಿಚ್ಚದು.

ಹೊಸ ಕಂಬಳಿ ಗಂಜಿಯಿಂದ ಬಿರುಸಾಗಿರುತ್ತದೆ, ಬಳಸುತ್ತ ಮೆತ್ತಗಾಗುತ್ತದೆ. ಮಳೆನೀರು ಜಾರುವಂತೆ ಮಾಡುವುದು ಉಣ್ಣೆಯಲ್ಲೇ ಉಳಿದ ಜಿಡ್ಡು. ಆದ್ದರಿಂದ ಅದನ್ನು ಸಾಬೂನು ಹಾಕಿ ತೊಳೆಯಬಾರದು, ಕೊಡವಿ ಬಿಸಿಲಿಗೆ ಹಾಕಿದರೆ ಸಾಕು.