ಪದವಿಪತ್ರ ಅಚ್ಚಾಗುವ ಮೊದಲು ಹೆಸರು ಸರಿಯಿರಲಿ

ಮುಂಬಯಿಯ ಕಾಲೇಜುಗಳಲ್ಲಿ ಕೊನೆಯ ವರ್ಷ ಓದುತ್ತಿರುವ ನಮ್ಮ ಕನ್ನಡದ ಮಕ್ಕಳು ಘಟಿಕೋತ್ಸವದ ಉಡುಪಿಗೆ ಕೊಡುವ ಗಮನದ ಕಾಲುಪಾಲನ್ನೂ ಕಾಗದಪತ್ರಗಳಿಗೆ ಕೊಡುವುದಿಲ್ಲ. ಕೆಲಸವೋ ಪ್ರವೇಶವೋ ಕೈಗೆ ಬಂದ ಮೇಲೆ, ಹೆಸರಿನ ಒಂದಕ್ಷರಕ್ಕಾಗಿ ಕಲೀನಾದ ವಿಶ್ವವಿದ್ಯಾಲಯಕ್ಕೂ ವಾಶಿಯ ಪರೀಕ್ಷಾ ಮಂಡಳಿಗೂ ಅಲೆಯುವವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಆದ್ದರಿಂದ ಸಿದ್ಧತೆಯ ಕ್ರಮ ಹೀಗಿರಲಿ.

1. ಹೆಸರು

ಐದನೆಯ ಸೆಮಿಸ್ಟರಿನಲ್ಲಿಯೇ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಪಟ್ಟಿ, ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಕಾಲೇಜಿನ ಅಂಕಪಟ್ಟಿ ಇವಿಷ್ಟನ್ನೂ ಒಂದೇ ಮೇಜಿನ ಮೇಲೆ ಹರಡಿ, ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಬೇಕು. ಮಹಾರಾಷ್ಟ್ರದ ಮಂಡಳಿ ಮೊದಲು ಅಡ್ಡಹೆಸರು, ಅನಂತರ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು ಎಂಬ ಕ್ರಮದಲ್ಲಿ ಬರೆದು, ತಾಯಿಯ ಹೆಸರನ್ನು ಬೇರೆಯಾಗಿ ಕಾಣಿಸುತ್ತದೆ. ನಮ್ಮ ಹೆಸರುಗಳು ಈ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಮಂಡ್ಯ, ಹಾಸನದ ಕಡೆಯ ಅನೇಕ ಮನೆಗಳಲ್ಲಿ ಅಡ್ಡಹೆಸರೇ ಇರುವುದಿಲ್ಲ, ಊರಿನ ಮತ್ತು ತಂದೆಯ ಇನಿಶಿಯಲ್‌ಗಳಷ್ಟೇ ಇರುತ್ತವೆ. ತುಳುನಾಡಿನ ಮನೆಗಳಲ್ಲಿ ತಂದೆ ಪೂಜಾರಿ ಎಂದು ಬರೆಸಿಕೊಂಡಿದ್ದರೆ, ಮಗಳು ತಾಯಿಯ ಬಳಿಯಿಂದ, ಅಂದರೆ ಕುಲದಿಂದ, ಬಂದ ಕೋಟ್ಯಾನ್ ಅಥವಾ ಸಾಲ್ಯಾನ್ ಆಗಿರುತ್ತಾಳೆ. ಮನೆಯವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ, ಗುಮಾಸ್ತರಿಗೆ ಇದೆ.

ತಿದ್ದುವಾಗ ಹತ್ತನೆಯ ತರಗತಿಯ ಅಂಕಪಟ್ಟಿಯನ್ನೇ ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿರಿ. ಆಧಾರಿಗೆ ತಕ್ಕಂತೆ ಅಂಕಪಟ್ಟಿಯನ್ನು ಬದಲಿಸಲು ಹೊರಡುವುದು ವ್ಯರ್ಥ ಶ್ರಮ. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ ಬದಲಿಸಲು ಅವಕಾಶವಿರುವುದರಿಂದ, ಆ ಅರ್ಜಿಯನ್ನು ಸೈಬರ್ ಕೆಫೆಯವರ ಅಂದಾಜಿಗೆ ಬಿಡದೆ ಎದುರಿಗೆ ಕೂತು ತುಂಬಿಸಬೇಕು. ತಪ್ಪು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿಯೇ ಇದ್ದರೆ, ಓದಿದ ಶಾಲೆಯ ಮೂಲಕ ವಾಶಿಯ ವಿಭಾಗೀಯ ಮಂಡಳಿಗೆ ಅರ್ಜಿ ಹೋಗಬೇಕು. ಹೆಸರನ್ನೇ ಬದಲಿಸುವುದಾದರೆ ಮಹಾರಾಷ್ಟ್ರ ಸರಕಾರದ ರಾಜಪತ್ರದಲ್ಲಿ ಪ್ರಕಟವಾಗಬೇಕು. ಆ ಅರ್ಜಿಯನ್ನು ಆನ್‌ಲೈನಿನಲ್ಲಿ ನೀವೇ ಸಲ್ಲಿಸಬಹುದು, ಏಜೆಂಟರಿಗೆ ದುಡ್ಡು ಸುರಿಯಬೇಕಾಗಿಲ್ಲ. ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರ ಅಗ್ಗದ ಅಡ್ಡದಾರಿ. ಎಲ್ಲ ಕಡೆಯೂ ಅದು ನಡೆಯುತ್ತದೆಂದು ನಂಬಿ ಕೂರಬೇಡಿ.

ಕೊಲ್ಲಿಯ ಕಡೆ ಹೊರಡುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅಡ್ಡಹೆಸರಿನ ಕಲಮು ಖಾಲಿಯಿರುವ ಸಂದರ್ಶಕ ವೀಸಾದವರಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಯುಎಇ 2022ರ ನವೆಂಬರಿನಲ್ಲಿ ತಂದಿತು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು ಆ ಕಲಮನ್ನು ಖಾಲಿ ಬಿಡದಿರುವುದು ಒಳ್ಳೆಯದು.

2. ಅಂಕಪಟ್ಟಿಗಳು

ಆರೂ ಸೆಮಿಸ್ಟರುಗಳ ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ, ಡಿಜಿಲಾಕರ್ ಖಾತೆ ತೆರೆಯಿರಿ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ವಿದೇಶಕ್ಕೆ ಬೇಕಾಗುವ ದೃಢೀಕರಣದ ಮುದ್ರೆ ಮೂಲಪತ್ರದ ಹಿಂಬದಿಯ ಮೇಲೆಯೇ ಬೀಳಬೇಕಾಗಿರುವಾಗ, ಪ್ಲಾಸ್ಟಿಕ್ ಹೊದಿಸಿದ ಹಾಳೆ ನಿರುಪಯೋಗಿ. ಸಾದಾ ಫೋಲ್ಡರು ಸಾಕು.

3. ಮುಂದಿನ ದಾರಿ

ಕರ್ನಾಟಕದ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ವರ್ಗಾವಣೆ ಪತ್ರದ ಜೊತೆಗೆ ಮುಂಬಯಿ ವಿಶ್ವವಿದ್ಯಾಲಯದ ವಲಸೆ ಪ್ರಮಾಣಪತ್ರವೂ ಬೇಕು. ಮುಂಬಯಿಯಲ್ಲೇ ಓದು ಮುಂದುವರಿಸುವವರು ಅದನ್ನು ತೆಗೆಯುವ ಗೋಜಿಗೇ ಹೋಗಬಾರದು. ಕಲೀನಾದಲ್ಲಿಯೇ ಕನ್ನಡ ವಿಭಾಗವಿರುವುದು ಇಲ್ಲಿಯ ಎಷ್ಟೋ ಕನ್ನಡದ ಮನೆಗಳಿಗೆ ಗೊತ್ತಿಲ್ಲ. ಎಂ.ಬಿ.ಎ., ಕಾನೂನು, ಬಿ.ಎಡ್. ಎಂದರೆ ರಾಜ್ಯದ ಸಿಇಟಿ ಬರೆಯಬೇಕು, ಅದರ ಅರ್ಜಿಗಳು ಫಲಿತಾಂಶಕ್ಕಾಗಿ ಕಾಯುವುದಿಲ್ಲ. ಏನೂ ತೋಚದವರು ಕೇಂದ್ರ ಸರಕಾರದ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಯೋಜನೆಯನ್ನು ನೋಡಲಿ. ಆ ಯೋಜನೆಯ ಪಶ್ಚಿಮ ವಲಯದ ಕಚೇರಿ ಸಾಯನ್‌ನಲ್ಲಿದೆ. ಗುರಿಯಿಲ್ಲದೆ ದುಬಾರಿ ಕೋಚಿಂಗಿಗೆ ಸೇರುವುದಕ್ಕಿಂತ ಅದು ಮೇಲು ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕ್ ಗುಮಾಸ್ತ ಹುದ್ದೆಗೆ ಯಾವ ರಾಜ್ಯದಲ್ಲಿ ಅರ್ಜಿ ಹಾಕುತ್ತೀರೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ಬರಬೇಕು. ಮರಾಠಿ ಕಲಿತು ಕನ್ನಡವನ್ನೂ ಬಲ್ಲ ಮುಂಬಯಿ ಮಕ್ಕಳು ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಆದರೆ ಮನೆಯಲ್ಲಿ ಮಾತನಾಡುವ ಕನ್ನಡವಷ್ಟೇ ಇದಕ್ಕೆ ಸಾಲದು. ಇಂಗ್ಲಿಷ್ ಶಾಲೆಯಲ್ಲಿ ಓದಿ ಅಕ್ಷರ ಕಲಿಯದವರು ಪರೀಕ್ಷೆಗೆ ಆರು ತಿಂಗಳ ಮೊದಲೇ ಒತ್ತಕ್ಷರ, ಕಾಗುಣಿತದಿಂದ ಆರಂಭಿಸಿ, ದಿನಕ್ಕೊಂದು ಪುಟ ಕೈಯಲ್ಲಿ ಬರೆಯಲಿ.