ಸಿಆರ್‌ಪಿ ವರದಿ ಬಂತು, ಓದುವುದು ಹೇಗೆ?

ಕಲಬುರಗಿಯ ನಮ್ಮ ಓಣಿಯಲ್ಲಿ ಒಬ್ಬರು ಕಾಕಾ ಇದ್ದಾರೆ. ಹನ್ನೆರಡು ವರ್ಷದ ಶುಗರ್. ಕಳೆದ ಬೇಸಿಗೆಯಲ್ಲಿ ಲ್ಯಾಬ್ ವರದಿ ಹಿಡಿದು ಬಂದರು. "ನೋಡಪಾ, ಹಾರ್ಟಿನ ಟೆಸ್ಟಂತ. 14 ಬಂದದ. ನಂದು ಮುಗೀತೇನು?" ಅವರ ಎಡಗೆನ್ನೆ ಊದಿತ್ತು, ವಸಡಲ್ಲಿ ಕೀವು. 14ರ ಗುಟ್ಟು ಅಲ್ಲೇ ಇತ್ತು.

ಮೈಯಲ್ಲಿ ಎಲ್ಲೇ ಉರಿಯೂತ ಇರಲಿ, ಲಿವರ್ ಸಿಆರ್‌ಪಿ ಎಂಬ ಪ್ರೋಟೀನ್ ಬಿಡುತ್ತದೆ. ಟೈಪ್ 2 ಶುಗರ್ ಜೊತೆ ಹೊಟ್ಟೆ ಬೊಜ್ಜೂ ಇದ್ದರೆ ಉರಿಯೂತ ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಇರಬಹುದು. ರಕ್ತನಾಳದಲ್ಲಿ ಕೊಬ್ಬು ಕೂರುವುದಕ್ಕೂ, ಕೂತದ್ದು ಒಡೆಯುವುದಕ್ಕೂ ಅದರ ಕೈವಾಡ ಇದೆ.

1. ಡಾಕ್ಟರ ಚೀಟಿಯಲ್ಲಿ 'ಎಚ್‌ಎಸ್-ಸಿಆರ್‌ಪಿ' (ಸಣ್ಣ ಏರಿಕೆಯನ್ನೂ ಹಿಡಿಯುವ ಸಿಆರ್‌ಪಿ ಟೆಸ್ಟ್) ಅಂತಲೇ ಇರಲಿ. ಬರೀ ಸಿಆರ್‌ಪಿ ಟೆಸ್ಟ್ ಸೋಂಕು ಹಿಡಿಯಲು. ಸಣ್ಣ ಏರಿಕೆ ಅದಕ್ಕೆ ಸಿಗುವುದಿಲ್ಲ. ಖಾಲಿ ಹೊಟ್ಟೆಯೇನೂ ಬೇಕಿಲ್ಲ.

2. ಜ್ವರ, ನೆಗಡಿ, ಕಾಲಿನ ಗಾಯ, ವಸಡು ನೋವು ಇದ್ದಾಗ ರಕ್ತ ಕೊಡಬೇಡಿ.

3. ಅಂಕಿಯ ಪಕ್ಕದ ಅಳತೆ ನೋಡಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ 1ಕ್ಕಿಂತ ಕೆಳಗಿದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ನಡುವಿನದು, 3 ದಾಟಿದರೆ ಜಾಸ್ತಿ. ಡೆಸಿಲೀಟರ್ ಲೆಕ್ಕ ಇದ್ದರೆ ಹತ್ತರಿಂದ ಗುಣಿಸಿ. ಅಲ್ಲಿನ 0.3 ಅಂದರೆ ಇಲ್ಲಿ 3. ಅಳತೆ ನೋಡದೆ, 0.3 ಕಡಿಮೆ ಅಂತ ಸುಮ್ನೆ ಖುಷಿಪಟ್ಟು ಮನೆಗೆ ಹೋಗುವವರೂ ಇರುತ್ತಾರೆ.

4. 10 ದಾಟಿದರೆ ಮೊದಲು ಸೋಂಕು ಹುಡುಕಿಸಿ. ವಾಸಿಯಾಗಿ ಎರಡು ವಾರ ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿ.

5. ಈ ಒಂದೇ ಅಂಕಿ ಹಿಡಿದು ಕೂರಬೇಡಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ನನ್ನ ಪ್ರಕಾರ ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಮೂತ್ರದ ಆಲ್ಬುಮಿನ್ (ಕಿಡ್ನಿಯ ಟೆಸ್ಟ್) ಮೊದಲು, ಸಿಆರ್‌ಪಿ ಆಮೇಲೆ. 40 ದಾಟಿದ ಶುಗರ್‌ನವರಿಗೆ ಡಾಕ್ಟರು ಸಾಮಾನ್ಯವಾಗಿ ಸ್ಟ್ಯಾಟಿನ್ ಬರೆಯುತ್ತಾರೆ. ಅದು ಕೊಲೆಸ್ಟ್ರಾಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ. ಹಾಗಾದರೆ ಉರಿಯೂತಕ್ಕೇ ನೇರ ಮದ್ದು ಕೊಡಬಹುದಲ್ವಾ? 2017ರ ಕ್ಯಾಂಟೋಸ್ ಅಧ್ಯಯನ ಅದನ್ನೇ ಮಾಡಿತು. ಕೊಲೆಸ್ಟ್ರಾಲ್ ಇಳಿಯದಿದ್ದರೂ ಹೃದಯಾಘಾತ ಕಮ್ಮಿಯಾಯಿತು. ಆದರೆ ಸೋಂಕಿನಿಂದ ಸತ್ತವರು ಹೆಚ್ಚಾದರು. ಆದ್ದರಿಂದ ಮದ್ದಿನ ಅಂಗಡಿಯಲ್ಲಿ ಕೇಳಿ ಏನೂ ನುಂಗಬೇಡಿ.

6. ಮನೆಯಲ್ಲಿ ಮಾಡುವುದು: ತಂಬಾಕು ಬಿಡುವುದು, ಸೊಂಟ ಇಳಿಸುವುದು, ವಸಡು ನೋಡಿಕೊಳ್ಳುವುದು. ಜೋಳದ ರೊಟ್ಟಿ ಎಷ್ಟು ತಿಂದರೂ ಲೆಕ್ಕವಿಲ್ಲ ಅಂತ ನಮ್ಮ ಕಡೆ ಅಂದುಕೊಂಡಿದ್ದೇವೆ. ಇದೆ. ಅದೂ ಪಿಷ್ಟವೇ.

ಕಾಕಾ ವಸಡಿಗೆ ಚಿಕಿತ್ಸೆ ಮಾಡಿಸಿ ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟರು. 2.6 ಬಂತು. ಈಗ ಬಿಸಿಲೇರುವ ಮೊದಲೇ ಅಪ್ಪನ ಕೆರೆಯ ಹತ್ತಿರ ನಡೆಯುತ್ತಾರೆ. ಗುಟ್ಕಾ ಚೀಟು ಮಾತ್ರ ಇನ್ನೂ ಅಂಗಿಯ ಜೇಬಲ್ಲೇ ಇದೆ.