25 ಸಾವಿರದಲ್ಲಿ ಡೆಸ್ಕ್‌ಟಾಪ್: ಮೊದಲು ಅಂಕಿ ಓದಿ, ಆಮೇಲೆ ದುಡ್ಡು ಬಿಚ್ಚಿ

ನಮ್ಮ ಪಕ್ಕದ ಮನೆಯವರು ಮಗನಿಗೆ ಅಂತ ಕಂಪ್ಯೂಟರ್ ತಂದಿದ್ದರು. ‘ಐ5, 16 ಜಿಬಿ, 1 ಟಿಬಿ, ಬರೀ 14 ಸಾವಿರ’ ಅಂತ ಖುಷಿಯಿಂದ ಕರೆದು ತೋರಿಸಿದರು. ಕ್ಯಾಬಿನೆಟ್ ಮುಂದೆ ಮೂರು ಫ್ಯಾನು, ಫ್ಯಾನಿಗೆಲ್ಲ ಬಣ್ಣದ ಲೈಟು. ಮದುವೆ ಮನೆ ಚಪ್ಪರದ ಹಾಗೆ ಮಿನುಗುತ್ತಿತ್ತು. ನಾನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ ನೋಡಿದೆ. ಒಳಗಿದ್ದದ್ದು ಐ5-2400. ಅದು 2011ರ ಪ್ರಾಸೆಸರ್, ಅಂದರೆ ಕಂಪ್ಯೂಟರಿನ ಮಿದುಳು. ಡಬ್ಬ ಮಾತ್ರ ಹೊಸದು.

ಅಂಗಡಿಯವನು ಸುಳ್ಳು ಹೇಳಿದ ಅನ್ನುವ ಹಾಗೂ ಇಲ್ಲ. ಐ5 ಹೌದು, 16 ಜಿಬಿ ಹೌದು. ಯಾವ ಕಾಲದ ಐ5 ಅಂತ ಇವರು ಕೇಳಲಿಲ್ಲ, ಅವನು ಹೇಳಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ತುಮಕೂರಿನಿಂದ ಅಕ್ಕನ ಮಗಳ ಫೋನ್. ‘ಮಾಮ, ನಂಗೊಂದು ಡೆಸ್ಕ್‌ಟಾಪ್ ಬೇಕು. ಅಪ್ಪ 25 ಸಾವಿರ ಕೊಡ್ತಾರಂತೆ. ನೀವೂ ಜೊತೆಗೆ ಬನ್ನಿ.’ ಆ ದುಡ್ಡಿನಲ್ಲಿ ನಾವು ಹೇಗೆ ಹುಡುಕಿದೆವು, ಏನೇನು ನೋಡಿ ತಂದೆವು ಅನ್ನುವುದೇ ಈ ಲೇಖನ.

ಮೊದಲು ಕೆಲಸ, ಆಮೇಲೆ ಕಂಪ್ಯೂಟರ್

ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಇದರಲ್ಲಿ ದಿನಾ ಏನು ಮಾಡುತ್ತೀರಿ? ಅವಳು ಬಿ.ಕಾಂ ಹುಡುಗಿ. ಲೆಕ್ಕಪತ್ರದ ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸು, ಪ್ರಾಜೆಕ್ಟು, ರಾತ್ರಿ ಯೂಟ್ಯೂಬ್. ಇಷ್ಟೇ. ದೊಡ್ಡ ಗೇಮ್ ಆಡಬೇಕು, ವಿಡಿಯೊ ಎಡಿಟಿಂಗ್ ಮಾಡಬೇಕು ಅನ್ನುವವರಿಗೆ ಈ ದಾರಿ ಅಲ್ಲ. ಅವರ ಬಜೆಟ್ಟಿನ ದೊಡ್ಡ ಪಾಲನ್ನು ಗ್ರಾಫಿಕ್ಸ್ ಕಾರ್ಡೇ ತಿಂದುಬಿಡುತ್ತೆ.

ಆಮೇಲೆ ದುಡ್ಡನ್ನು ಭಾಗ ಮಾಡಿ. ಬಹಳ ಜನ ಎಡವುವುದು ಇಲ್ಲೇ. ಇರುವುದನ್ನೆಲ್ಲ ಡಬ್ಬಕ್ಕೇ ಸುರಿದು, ಕೊನೆಗೆ ಯಾರೋ ಕೊಟ್ಟ ಹಳೇ ಮಾನಿಟರ್ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಾರೆ. ನಾವು ಡಬ್ಬಕ್ಕೆ 14 ಸಾವಿರ, ಮಾನಿಟರ್‌ಗೆ ಆರೂವರೆ, ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ನೋಡಿಕೊಳ್ಳುವ ಯುಪಿಎಸ್‌ಗೆ ಮೂರು ಅಂತ ಇಟ್ಟುಕೊಂಡೆವು. ಉಳಿದ ಒಂದೂವರೆ ಸಾವಿರದಲ್ಲಿ ಕೀಬೋರ್ಡ್, ಮೌಸ್, ಕೇಬಲ್, ಬಸ್ ಚಾರ್ಜು, ಊಟ. ಅಂದ ಹಾಗೆ, ಅಂಗಡಿಯಲ್ಲಿ ‘ಸಿಪಿಯು’ ಅಂದರೆ ಇಡೀ ಡಬ್ಬ. ಪುಸ್ತಕದಲ್ಲಿ ಓದಿದ ಸಿಪಿಯು ಬೇಕಿದ್ದರೆ ‘ಪ್ರಾಸೆಸರ್’ ಅಂತಲೇ ಕೇಳಿ.

ಐ5 ಆದ ಮೇಲೆ ಬರುವ ಅಂಕಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಂಟೆಲ್ ಪ್ರಾಸೆಸರ್‌ನ ಹೆಸರಲ್ಲಿ ಐ3, ಐ5, ಐ7 ಅನ್ನುವುದು ಅರ್ಧ ಸುದ್ದಿ. ಗೆರೆಯ ಮುಂದಿರುವ ಅಂಕಿಯಲ್ಲಿ ಉಳಿದರ್ಧ ಇದೆ. ಐ5-8500 ಅಂದರೆ ಎಂಟನೇ ಜನರೇಷನ್ (ತಲೆಮಾರು). ಐ5-12400 ಅಂದರೆ ಹನ್ನೆರಡನೇದು. ಅಂಕಿ ನಾಲ್ಕಿದ್ದರೆ ಮೊದಲ ಒಂದು, ಐದಿದ್ದರೆ ಮೊದಲ ಎರಡು ಓದಿ. ಪಕ್ಕದ ಮನೆಯವರ 2400? ಎರಡನೇ ಜನರೇಷನ್.

ದೊಡ್ಡ ಹೆಸರಿಗೆ ಮರುಳಾಗಬೇಡಿ. ಹನ್ನೆರಡನೇ ಜನರೇಷನ್‌ನ ಐ3-12100, ಎಂಟನೇ ಜನರೇಷನ್‌ನ ಐ5ನ್ನೂ ಹಿಂದೆ ಹಾಕುತ್ತೆ. ಇನ್ನು ಎರಡನೇ ಜನರೇಷನ್ ಐ5ನ ಮಾತು ಬಿಡಿ.

ಕಡಿಮೆ ದುಡ್ಡಿನಲ್ಲಿ ನಾನು ಎಳೆಯುವ ಗೆರೆ ಎಂಟು. ಯಾಕೆ ಎಂಟು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕು ಅಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ಏರ್ಪಾಡೂ ಬೇಕು. ಇಂಟೆಲ್ ಬದಲು ಎಎಂಡಿ ಕಂಪನಿಯ ಪ್ರಾಸೆಸರ್ ತೆಗೆದುಕೊಳ್ಳುವುದಾದರೆ ರೈಜನ್ 3000ದಿಂದ ಮೇಲಿನದು ನೋಡಿ.

‘ನಮ್ಮಲ್ಲಿ ನಾಲ್ಕನೇ ಜನರೇಷನ್‌ನಲ್ಲೂ ವಿಂಡೋಸ್ 11 ಓಡುತ್ತೆ, ನೋಡಿ’ ಅಂತ ಆನ್ ಮಾಡಿ ತೋರಿಸುವವರಿದ್ದಾರೆ. ಓಡುವುದು ನಿಜ. ತಪಾಸಣೆಯನ್ನು ತಪ್ಪಿಸಿ ಹಾಕುವ ಉಪಾಯ ಇದೆ. ಆದರೆ ಮುಂದಿನ ಅಪ್‌ಡೇಟ್ ಬರುತ್ತೆ ಅನ್ನುವ ಖಾತ್ರಿ ಇಲ್ಲ. ತೆರೆಯ ಮೇಲೆ ವಿಂಡೋಸ್ 11 ಕಂಡ ಮಾತ್ರಕ್ಕೆ ಮಷೀನು ಅದಕ್ಕೆ ತಕ್ಕದ್ದು ಅಂದುಕೊಳ್ಳಬೇಡಿ.

ಅಂಕಿಯ ಬಾಲದಲ್ಲಿ ಅಕ್ಷರ ಇದ್ದರೆ ಅದನ್ನೂ ಓದಿ. ‘ಎಫ್’ ಇದ್ದರೆ ಪ್ರಾಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಬರಲ್ಲ. ‘ಟಿ’ ಇದ್ದರೆ ಕರೆಂಟ್ ಕಡಿಮೆ ಎಳೆಯುತ್ತೆ, ವೇಗವೂ ಸ್ವಲ್ಪ ಕಡಿಮೆ.

ಹೊಸದಾ, ಆಫೀಸಿನ ಹಳೇದಾ?

ನನ್ನ ಮಟ್ಟಿಗೆ ಈ ಬಜೆಟ್ಟಿಗೆ ಆಫೀಸಿನ ಹಳೇದೇ ಸರಿ. ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ನೂರಾರು ಕಂಪ್ಯೂಟರ್ ಒಟ್ಟಿಗೆ ಬದಲಾಯಿಸುತ್ತವೆ. ಕೆಟ್ಟಿದೆ ಅಂತಲ್ಲ, ಲೀಸೋ ವಾರಂಟಿಯೋ ಮುಗಿಯಿತು ಅಂತ. ಅವನ್ನು ಒರೆಸಿ, ಹೊಸ ಎಸ್‌ಎಸ್‌ಡಿ (ಫೈಲು ಉಳಿಸುವ, ಹಾರ್ಡ್‌ಡಿಸ್ಕ್‌ಗಿಂತ ವೇಗದ ಡ್ರೈವ್) ಹಾಕಿ, ‘ರೀಫರ್ಬಿಶ್ಡ್’ ಅಂತ ಮಾರುತ್ತಾರೆ. ಬೆಂಗಳೂರಲ್ಲಿ ಕಂಪನಿಗಳಿಗೆ ಬರವಿಲ್ಲ, ಇಂಥ ಮಷೀನಿಗೂ ಬರವಿಲ್ಲ.

ಎಂಟನೇ ಜನರೇಷನ್‌ನಲ್ಲಿ ಹುಡುಕಬೇಕಾದ ಹೆಸರುಗಳು: ಡೆಲ್ ಆಪ್ಟಿಪ್ಲೆಕ್ಸ್ 3060, 5060, 7060, ಎಚ್‌ಪಿ ಪ್ರೊಡೆಸ್ಕ್ 600 ಜಿ4, ಎಲೈಟ್‌ಡೆಸ್ಕ್ 800 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ720, ಎಂ920. ನೋಡಲು ಸಪ್ಪೆ. ಲೈಟು ಇಲ್ಲ, ಗಾಜಿಲ್ಲ. ಇಡೀ ದಿನ ಸದ್ದಿಲ್ಲದೆ ಕೆಲಸ ಮಾಡಲಿ ಅಂತ ಮಾಡಿದ ಮಷೀನು ಅವು.

ಒಂದು ಕೊರತೆ ಹೇಳಲೇಬೇಕು. ಇವುಗಳಲ್ಲಿ ಬಹುಪಾಲಿಗೆ ಪೇಟೆಯಲ್ಲಿ ಸಿಗುವ ಮಾಮೂಲಿ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೂರುವುದಿಲ್ಲ. ಅದು ಸುಟ್ಟರೆ ಅದೇ ಮಾಡೆಲಿನದ್ದನ್ನು ಹುಡುಕಬೇಕು. ತೆಳ್ಳನೆಯ ಪೆಟ್ಟಿಗೆ ಆದರೆ ಗ್ರಾಫಿಕ್ಸ್ ಕಾರ್ಡೂ ಗಿಡ್ಡದ್ದೇ ಆಗಬೇಕು. ಮುಂದೆ ಏನಾದರೂ ಸೇರಿಸುವ ಯೋಚನೆ ಇದ್ದರೆ ದೊಡ್ಡ ಟವರ್ ಡಬ್ಬವನ್ನೇ ಕೇಳಿ.

ಹೊಸದಾಗಿ ಅಸೆಂಬಲ್ ಮಾಡಿಸುವವರಿಗೆ ಒಂದೇ ಮಾತು: ಕ್ಯಾಬಿನೆಟ್ ಜೊತೆ ಫ್ರೀ ಬರುವ ಎಸ್‌ಎಂಪಿಎಸ್ ಬೇಡ. ಕರೆಂಟ್ ಪೋಲು ಕಡಿಮೆ ಅನ್ನುವ 80 ಪ್ಲಸ್ ಗುರುತು ಇರುವ ಒಳ್ಳೇ ಕಂಪನಿಯದು ಹಾಕಿಸಿ.

ಎಸ್‌ಪಿ ರೋಡಿನಲ್ಲಿ ಅರ್ಧ ದಿನ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯನ್ನು ಎಲ್ಲರೂ ಕರೆಯುವುದು ಎಸ್‌ಪಿ ರೋಡ್ ಅಂತಲೇ. ಮೆಟ್ರೊದಲ್ಲಿ ಚಿಕ್ಕಪೇಟೆಗೆ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ನಾವು ಮೂರು ಅಂಗಡಿಯಲ್ಲೂ ಚೀಟಿ ನೋಡಿಕೊಂಡು ಒಂದೇ ಪ್ರಶ್ನೆ ಕೇಳಿದೆವು: ‘ಎಂಟನೇ ಜನರೇಷನ್ ಐ5, ಟವರ್, 16 ಜಿಬಿ, 256 ಎಸ್‌ಎಸ್‌ಡಿ, ಎಷ್ಟು?’ ಪ್ರಶ್ನೆ ಒಂದೇ ಆಗಿದ್ದರೆ ತಾನೇ ಬೆಲೆ ಹೋಲಿಸಲು ಆಗುವುದು? ಮೂರು ಕಡೆ ಮೂರು ರೇಟು, ಮೂರೂ ನಮ್ಮ 14 ಸಾವಿರದ ಮೇಲೆ. ಕಾರಣ ರ‍್ಯಾಮ್, ಅಂದರೆ ಆ 16 ಜಿಬಿಯ ಮೆಮೊರಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಮೆಮೊರಿ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿವೆ. ಅವರ ಎಐ ಓಟದ ಬಿಸಿ ನಮ್ಮ ಬಿ.ಕಾಂ ಹುಡುಗಿಗೂ ತಟ್ಟಿತು.

ಹಾಗಾಗಿ 8 ಜಿಬಿಯ ಒಂದೇ ಕಡ್ಡಿಗೆ ಒಪ್ಪಿಕೊಂಡೆವು. ಇನ್ನೊಂದು ಸ್ಲಾಟ್ ಖಾಲಿ ಇದೆ, ಬೆಲೆ ಇಳಿದಾಗ ಹಾಕಿಕೊಳ್ಳಬಹುದು. ಟ್ಯಾಲಿಗೂ ಹತ್ತಾರು ಟ್ಯಾಬ್‌ಗೂ ಸದ್ಯಕ್ಕೆ ಸಾಕು. ಎಸ್‌ಎಸ್‌ಡಿ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100-150 ಎಂಬಿ ಓದಿದರೆ, ಸಾಟಾ ಅನ್ನುವ ಸಾಧಾರಣ ನಮೂನೆಯ ಎಸ್‌ಎಸ್‌ಡಿಯೇ 500 ಎಂಬಿ ದಾಟುತ್ತೆ. 1 ಟಿಬಿ ಹಾರ್ಡ್‌ಡಿಸ್ಕ್‌ಗಿಂತ 256 ಜಿಬಿ ಎಸ್‌ಎಸ್‌ಡಿ ಮೇಲು.

ದುಡ್ಡು ಕೊಡುವ ಮುಂಚೆ ಇಪ್ಪತ್ತು ನಿಮಿಷ ಮಷೀನಿನ ಮುಂದೆ ಕೂರಲು ಬಿಡಿ ಅಂತ ಕೇಳಿ. ಬಿಡದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ. ಮನೆಯಿಂದ ಒಂದು ಪೆನ್‌ಡ್ರೈವ್, ಒಂದು ಇಯರ್‌ಫೋನ್ ಒಯ್ಯಿರಿ.

ಕೂತ ತಕ್ಷಣ ಆ ಮೂರು ಕೀ ಒತ್ತಿ: ಕಂಟ್ರೋಲ್, ಶಿಫ್ಟ್, ಎಸ್ಕೇಪ್. ಬರುವ ಕಿಟಕಿಯಲ್ಲಿ ‘ಪರ್ಫಾರ್ಮೆನ್ಸ್’ ಒತ್ತಿದರೆ ಪ್ರಾಸೆಸರ್‌ನ ಪೂರ್ತಿ ಹೆಸರು ಕಾಣುತ್ತೆ. ‘ಮೆಮೊರಿ’ ಒತ್ತಿದರೆ ಎಷ್ಟು ಸ್ಲಾಟಿದೆ, ಎಷ್ಟು ತುಂಬಿದೆ ಅನ್ನುವುದು ಬರುತ್ತೆ. ಪೆನ್‌ಡ್ರೈವ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ಹೋಗಿದ್ದೆವು. ಎಸ್‌ಎಸ್‌ಡಿಯ ಆರೋಗ್ಯ ಎಷ್ಟು ಪರ್ಸೆಂಟ್, ಎಷ್ಟು ಗಂಟೆ ಓಡಿದೆ, ಎರಡನ್ನೂ ಅದು ಹೇಳುತ್ತೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ಓಡಿದರೆ 2,000 ಗಂಟೆ. ‘ಹೊಸ ಎಸ್‌ಎಸ್‌ಡಿ’ ಅಂದಿದ್ದರಲ್ಲಿ 12,000 ಗಂಟೆ ಕಂಡರೆ ಲೆಕ್ಕ ನೀವೇ ಹಾಕಿ.

ಪೆನ್‌ಡ್ರೈವನ್ನು ಎಲ್ಲ ಯುಎಸ್‌ಬಿ ಕಿಂಡಿಗೂ ಒಂದೊಂದಾಗಿ ಚುಚ್ಚಿ. ಇಯರ್‌ಫೋನ್ ಹಾಕಿ ಒಂದು ಹಾಡು ಕೇಳಿ. ಯೂಟ್ಯೂಬ್‌ನಲ್ಲಿ ದೊಡ್ಡ ವಿಡಿಯೊ ಬಿಟ್ಟು, ಹಿಂಭಾಗಕ್ಕೆ ಕೈ ಒಡ್ಡಿ. ಬೆಚ್ಚನೆ ಗಾಳಿ ಬಂದರೆ ಸರಿ, ಸುಡುವ ಗಾಳಿ, ಗರಗರ ಸದ್ದು ಬಂದರೆ ಬೇಡ. ಕೊನೆಗೆ ಶಟ್‌ಡೌನ್ ಮಾಡಿ ಪ್ಲಗ್ಗನ್ನೇ ಕೀಳಿಸಿ. ಎರಡು ನಿಮಿಷ ಬಿಟ್ಟು, ಇಂಟರ್ನೆಟ್ ಇಲ್ಲದೆ ಆನ್ ಮಾಡಿದಾಗ ತಾರೀಕು ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಸಿಆರ್2032 ಅಂತ ಕರೆಯುತ್ತಾರೆ, ಕಡಿಮೆ ದುಡ್ಡಿನ ವಸ್ತು. ಅಲ್ಲೇ ಹಾಕಿಸಿಕೊಳ್ಳಿ.

ಇಷ್ಟೆಲ್ಲ ನೋಡುವಷ್ಟರಲ್ಲಿ ಅಂಗಡಿಯವರು ಅವಳಿಗೆ, ‘ಏನ್ ಮೇಡಂ, ಇಂಟರ್‌ವ್ಯೂ ಮಾಡ್ತಾ ಇದೀರಾ?’ ಅಂತ ನಕ್ಕರು. ನಕ್ಕು ಕೂರಲು ಇನ್ನೊಂದು ಸ್ಟೂಲೂ ಕೊಟ್ಟರು.

ಬಿಲ್ ವಿಷಯದಲ್ಲಿ ನಾಚಿಕೆ ಬೇಡ. ‘ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಾಸ್ತಿ’ ಅನ್ನುವ ಮಾತು ಬಂದರೆ, ಜಿಎಸ್‌ಟಿ ಸೇರಿಸಿ ಎಷ್ಟು ಅಂತ ಮೊದಲೇ ಮಾತಾಡಿ, ಆಮೇಲೆ ಚೌಕಾಸಿ ಮಾಡಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು ಅನ್ನುವುದು ಬರೆದಿರಬೇಕು. ಬಾಯಿಮಾತಿನ ವಾರಂಟಿ ಮೆಟ್ರೊ ಹತ್ತುವಷ್ಟರಲ್ಲಿ ಮುಗಿದಿರುತ್ತೆ.

ಮಾನಿಟರ್, ಯುಪಿಎಸ್

ಡಬ್ಬ ಹಳೇದಾದರೂ ಮಾನಿಟರ್ ಹೊಸದಿರಲಿ. 22 ಇಂಚು, ಫುಲ್ ಎಚ್‌ಡಿ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ತೆರೆ) ಇಷ್ಟಿದ್ದರೆ ಸಾಕು. ಕೊಳ್ಳುವಾಗ ಡಬ್ಬದ ಬೆನ್ನು ನೋಡಿಕೊಳ್ಳಿ. ಆಫೀಸ್ ಮಷೀನುಗಳಲ್ಲಿ ಹೆಚ್ಚಾಗಿ ಡಿಸ್‌ಪ್ಲೇಪೋರ್ಟ್ ಅನ್ನುವ ಕಿಂಡಿ ಇರುತ್ತೆ, ಮಾನಿಟರ್‌ನಲ್ಲಿ ಎಚ್‌ಡಿಎಂಐ. ಎರಡನ್ನೂ ಸೇರಿಸುವ ಕೇಬಲ್ ಅಲ್ಲೇ ತಗೊಳ್ಳಿ, ಇಲ್ಲದಿದ್ದರೆ ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಬೇಕಾಗುತ್ತೆ.

ಯುಪಿಎಸ್ ತಗೊಳ್ಳುವ ಮುಂಚೆ ಮನೆಯ ಇನ್ವರ್ಟರ್ ನೋಡಿ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ‘ಯುಪಿಎಸ್ ಮೋಡ್’ ಅಂತ ಒಂದು ಸ್ವಿಚ್ ಇರುತ್ತೆ. ಅದನ್ನು ಹಾಕಿದರೆ ಕರೆಂಟ್ ಹೋದಾಗ ಸಾಮಾನ್ಯವಾಗಿ ಕಂಪ್ಯೂಟರ್ ಆಫ್ ಆಗುವುದಿಲ್ಲ. ಅಕ್ಕನ ಮನೆಯ ಇನ್ವರ್ಟರ್‌ನಲ್ಲಿ ಅದು ಇತ್ತು. ಮೂರು ಸಾವಿರ ಹಾಗೇ ಉಳಿಯಿತು. ಅದನ್ನು ಎರಡನೇ ರ‍್ಯಾಮ್ ಕಡ್ಡಿಗೆ ಅಂತ ತೆಗೆದಿಟ್ಟಿದ್ದಾಳೆ.

ವಿಂಡೋಸ್, ಟ್ಯಾಲಿ, ಕನ್ನಡ

ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಪುಟ ತೆಗೆದು ನೋಡಿ. ‘ಡಿಜಿಟಲ್ ಲೈಸೆನ್ಸ್’ ಅಂತಿದ್ದರೆ ಒಳ್ಳೇದು. ಯಾವುದೋ ಸಂಸ್ಥೆಯ ಸರ್ವಿಸ್‌ನಿಂದ ಆಕ್ಟಿವೇಟ್ ಆಗಿದೆ ಅಂತ ಬಂದರೆ ಬಹುಶಃ ಕ್ರ್ಯಾಕ್ ಮಾಡಿ, ಅಂದರೆ ಲೈಸೆನ್ಸ್ ಇಲ್ಲದೆ ಕದ್ದು ಹಾಕಿದ್ದು.

ಟ್ಯಾಲಿಗೂ ಕ್ರ್ಯಾಕ್ ಬೇಕಿಲ್ಲ. ಟ್ಯಾಲಿಪ್ರೈಮ್‌ನಲ್ಲಿ ವಿದ್ಯಾರ್ಥಿಗಳಿಗೆ ಅಂತಲೇ ಎಜುಕೇಷನಲ್ ಮೋಡ್ ಇದೆ, ದುಡ್ಡಿಲ್ಲ. ತಿಂಗಳ ಕೆಲವೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು, ಅಭ್ಯಾಸಕ್ಕೆ ಧಾರಾಳ ಸಾಕು. ಟ್ಯಾಲಿಯ ಗೊಡವೆ ಇಲ್ಲದವರು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳಬಹುದು, ಅದು ಪೂರ್ತಿ ಉಚಿತ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಕೀಲಿಮಣೆ ವಿನ್ಯಾಸ ರೂಢಿ ಇದ್ದವರಿಗೆ ಅಲ್ಲೂ ಅದೇ ವಿನ್ಯಾಸ ಸಿಗುತ್ತೆ.

ಮನೆಗೆ ತಂದ ಮೇಲೆ

ಡಬ್ಬವನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ. ನಾವು ಡಿಕ್ಕಿಯಲ್ಲಿ ಹಾಕಿದೆವು. ರಾತ್ರಿ ತುಮಕೂರಿನಲ್ಲಿ ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತೆ, ತೆರೆ ಮಾತ್ರ ಕಪ್ಪು. ಭಾವ ನನ್ನ ಮುಖ ನೋಡಿದರು. ನಾನು ಬಿಲ್ ಎಲ್ಲಿಟ್ಟೆ ಅಂತ ಜೇಬು ತಡಕಿದೆ.

ಇಂಥ ಹೊತ್ತಲ್ಲಿ ಗಾಬರಿ ಆಗಬೇಡಿ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಒಳಗಿನ ತಗಡನ್ನು ಒಮ್ಮೆ ಮುಟ್ಟಿ. ಕೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಹೋಗಲಿ ಅಂತ. ಆಮೇಲೆ ರ‍್ಯಾಮ್ ಕಡ್ಡಿಯ ತುದಿಯ ಕ್ಲಿಪ್ಪು ಬಿಡಿಸಿ, ಕಡ್ಡಿ ತೆಗೆದು, ಮತ್ತೆ ನೆಟ್ಟಗೆ ಕೂರಿಸಿ ಟಕ್ ಅನ್ನುವವರೆಗೆ ಒತ್ತಿ. ಅವಳೇ ಒತ್ತಿದಳು. ಟಕ್ ಅಂತು. ಪ್ಲಗ್ ಹಾಕಿ ಆನ್ ಮಾಡಿದರೆ ತೆರೆ ಬೆಳಗಿತು. ‘ಇಷ್ಟೇನಾ ಮಾಮ?’ ಅಂದಳು.